ಡಾಕ್ಟರಿಗೆ ತೋರಿಸುವ ಮುಂಚೆ ಮಗುವಿಗೆ ಮನೆಯಲ್ಲೇ ಗೋಧಿ ಬಿಡಿಸಿ ನೋಡಬಹುದಾ?

ಎರಡೂವರೆ ವರ್ಷದ ಮಗಳು, ಹೊಟ್ಟೆ ಉಬ್ಬರ, ಆಗಾಗ ಭೇದಿ. ಮಕ್ಕಳ ಡಾಕ್ಟರ್ ಸಿಗೋದು ಇನ್ನು ಮೂರು ವಾರಕ್ಕೆ. ಅಷ್ಟರೊಳಗೆ ಗೋಧಿ ಬಿಡಿಸಿ, ಗ್ಲುಟನ್ (ಗೋಧಿ, ಬಾರ್ಲಿಯಲ್ಲಿರೋ ಒಂದು ಪ್ರೋಟೀನ್) ಆಗಿಬರುತ್ತೋ ಇಲ್ವೋ ನೋಡಲಾ, ಇಲ್ಲಾ ಆನ್‌ಲೈನಲ್ಲಿ ಟೆಸ್ಟ್ ಕಿಟ್ ತರಿಸಲಾ ಅಂತ ಕೇಳಿದ್ದೀರಿ. ಬಿಡಿಸಬೇಡಿ. ಉತ್ತರ ಇಷ್ಟೇ. ಯಾಕೆ ಅಂತ ಹೇಳಬೇಕಾದರೆ ನನ್ನ ಮಗನ ಕಥೆ ಹೇಳಬೇಕು. ಸ್ವಲ್ಪ ಉದ್ದ ಇದೆ.

ನಮ್ಮದು ಮಂಡ್ಯ. ಮಗನಿಗೆ ಎರಡು ವರ್ಷ ತುಂಬಿದ ಮೇಲೆ ಶುರುವಾಯಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ದಿನಕ್ಕೆ ಮೂರು ನಾಲ್ಕು ಸಲ ಕಕ್ಕ, ಅದರ ವಾಸನೆ ಪಕ್ಕದ ರೂಮಿಗೂ ಬರುತ್ತಿತ್ತು. ಯಾವಾಗ ನೋಡಿದರೂ ರಚ್ಚೆ. ಹಲ್ಲು ಬರೋ ಹೊತ್ತು ಅಂತ ಅತ್ತೆ ದೃಷ್ಟಿ ತೆಗೆದರು. ಡಾಕ್ಟರ್ ಜಂತುಹುಳಕ್ಕೆ ಔಷಧಿ ಕೊಟ್ಟರು. ನಾನು ರಾತ್ರಿಯೆಲ್ಲ ಫೋನ್ ಹಿಡಿದು ಕೂತೆ. ಓದಿದ್ದೆಲ್ಲಾ ಗ್ಲುಟನ್ ಕಡೆಗೇ ಹೋಗುತ್ತಿತ್ತು. ಎರಡು ವಾರ ನಿಲ್ಲಿಸಿ ನೋಡೋಣ, ಏನು ಗಂಟು ಹೋಗುತ್ತೆ ಅಂದುಕೊಂಡೆ. ಯುಗಾದಿ ಹೋಳಿಗೆ ತಿಂದು ಮೂರು ದಿನ ಒದ್ದಾಡಿದ್ದನಲ್ಲ, ಆ ವಾರದಿಂದಲೇ ನಿಲ್ಲಿಸಿದೆ. ಅವನಿಗಾಗ ಎರಡು ವರ್ಷ ಒಂಬತ್ತು ತಿಂಗಳು.

"ಗೋದಿ ಎಲ್ಲದವ್ವ ನಮ್ಮನೇಲಿ? ಮುದ್ದೆ ಉಣ್ಣೋ ಜನ ನಾವು" ಅಂದರು ಅತ್ತೆ. ನನಗೂ ಹಾಗೇ ಅನ್ನಿಸಿತ್ತು. ಚಪಾತಿ ವಾರಕ್ಕೆ ಎರಡು ದಿನ, ಅಷ್ಟೇ ತಾನೆ. ಆಮೇಲೆ ಡಬ್ಬಿ ಒಂದೊಂದೇ ತೆಗೆದು ನೋಡಿದೆ. ಉಪ್ಪಿಟ್ಟಿನ ಬಾಂಬೆ ರವೆ ಗೋಧಿಯದ್ದು. ಇಡ್ಲಿ ರವೆ ಮಾತ್ರ ಅಕ್ಕಿಯದ್ದು. ಶಾವಿಗೆ, ಬಿಸ್ಕತ್ತು, ಬನ್ನಿನಲ್ಲಂತೂ ಗೋಧಿ ಇದ್ದೇ ಇತ್ತು. ಹಾಲಿಗೆ ಹಾಕೋ ಮಾಲ್ಟ್ ಪುಡಿಯಲ್ಲಿ ಬಾರ್ಲಿ, ಅದರಲ್ಲೂ ಗ್ಲುಟನ್ ಇರುತ್ತೆ. ಸಾರಿನ ಒಗ್ಗರಣೆಗೆ ಹಾಕೋ ಡಬ್ಬಿ ಇಂಗಿಗೂ ಎಷ್ಟೋ ಕಂಪನಿಗಳು ಗೋಧಿ ಹಿಟ್ಟು ಬೆರೆಸುತ್ತವೆ. ಎಲ್ಲಕ್ಕಿಂತ ತಮಾಷೆ ಅಂದರೆ ಮಗುವಿನ ಸರಿಹಿಟ್ಟು. ಅಜ್ಜಿ ಪ್ರೀತಿಯಿಂದ ರಾಗಿ ಜೊತೆ ಗೋಧಿಯನ್ನೂ ಮೊಳಕೆ ಕಟ್ಟಿ, ಹುರಿದು ಮಾಡಿದ್ದು. ಆರು ತಿಂಗಳ ಕೂಸಿನಿಂದ ಅದನ್ನೇ ತಿನ್ನಿಸಿದ್ದೆವು.

ಎಲ್ಲ ನಿಲ್ಲಿಸಿದೆ. ಎರಡು ವಾರಕ್ಕೆ ಹೊಟ್ಟೆ ಇಳಿಯಿತು. ತಿಂಗಳಿಗೆ ರಾತ್ರಿಯಿಡೀ ನಿದ್ದೆ ಮಾಡತೊಡಗಿದ. ಡಾಕ್ಟರಿಗೆ ಗೊತ್ತಾಗದ್ದು ನನಗೆ ಗೊತ್ತಾಯಿತು ಅಂತ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಗೌರಿ ಹಬ್ಬದ ಹೊತ್ತಿಗೆ ನಮ್ಮ ಯಜಮಾನರು "ಒಂದ್ಸಲ ಟೆಸ್ಟ್ ಮಾಡಿಸಿಬಿಡೋಣ, ಅನುಮಾನ ಯಾಕೆ" ಅಂದರು. ಮೈಸೂರಿನ ಒಂದು ಕ್ಲಿನಿಕ್ಕಿಗೆ ಹೋದೆವು. ಟಿಟಿಜಿ ಐಜಿಎ ಅನ್ನುವ ರಕ್ತ ಪರೀಕ್ಷೆ ಬರೆದುಕೊಟ್ಟರು. ಮಗು ಏನು ತಿನ್ನುತ್ತಿದೆ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಮುಚ್ಚಿಟ್ಟಿದ್ದಲ್ಲ. ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡಿ ಅಂತಾರಲ್ಲ, ಹಾಗೆ ಗೋಧಿ ಇಲ್ಲದ ಹೊಟ್ಟೆ ಇನ್ನೂ ಒಳ್ಳೇದು ಅಂತ ನಿಜವಾಗಿಯೂ ನಂಬಿದ್ದೆ.

ಅದು ಉಲ್ಟಾ. ಆ ಪರೀಕ್ಷೆ ಹುಡುಕೋದು ಗ್ಲುಟನ್ನನ್ನು ಅಲ್ಲ. ಸೀಲಿಯಾಕ್ ಕಾಯಿಲೆ ಇರುವವರ ಮೈ ಗ್ಲುಟನ್ ಒಳಗೆ ಹೋದಾಗ ರೊಚ್ಚಿಗೆದ್ದು ತನ್ನದೇ ಕರುಳಿನ ಮೇಲೆ ಬೀಳುತ್ತೆ. ಆಗ ರಕ್ತದಲ್ಲಿ ಹುಟ್ಟುವ ಆಂಟಿಬಾಡಿಗಳನ್ನು ಅದು ಅಳೆಯುತ್ತೆ. ಗೋಧಿ ನಿಲ್ಲಿಸಿದರೆ ರೊಚ್ಚು ಇಳಿಯುತ್ತೆ, ತಿಂಗಳು ಕಳೆದ ಹಾಗೆ ಆಂಟಿಬಾಡಿಯೂ ಇಳಿಯುತ್ತೆ, ಕರುಳೂ ವಾಸಿಯಾಗುತ್ತಾ ಬರುತ್ತೆ. ಕಾಯಿಲೆ ಮಾತ್ರ ಹೋಗಿರುವುದಿಲ್ಲ. ಇದೆಲ್ಲ ಆಮೇಲೆ ಗೊತ್ತಾದಾಗ ನಮ್ಮ ಮಾವ ಒಂದು ಮಾತು ಹೇಳಿದರು, ಜಮೀನು ಮಾಡಿದವರು ಅವರು: "ನೀರು ನಿಲ್ಸುಬುಟ್ಟು ವಿ.ಸಿ. ನಾಲೇಲಿ ಎಲ್ಲಿ ಸೋರ್ತಾ ಅದೆ ಅಂತ ಹುಡುಕುದ್ರೆ ಸಿಕ್ಕದಾ?"

ರಿಪೋರ್ಟ್ ನಾರ್ಮಲ್ ಬಂತು.

ಆ ನಾರ್ಮಲ್ ನಮ್ಮ ಮನೆಗೆ ಮಾಡಿದಷ್ಟು ಕೆಡುಕನ್ನು ಕಾಯಿಲೆಯೂ ಮಾಡಲಿಲ್ಲ. ಅತ್ತೆ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ರೇಷನ್ ಕಾರ್ಡ್ ಜೊತೆ ಬೀರುವಿನಲ್ಲಿಟ್ಟರು. ಬಂದವರಿಗೆಲ್ಲ ತೋರಿಸುತ್ತಿದ್ದರು. "ಏನೂ ಇಲ್ಲ ಅಂತ ಬರ್ಕೊಟ್ಟವ್ರೆ, ಇವಳು ಸುಮ್ನೆ ಮಗೀನ ಬಾಯಿ ಕಟ್ತಾಳೆ." ನಾನಿಲ್ಲದಾಗ ಒಂದು ಬಿಸ್ಕತ್ತು, ಮದುವೆ ಮನೆಯಲ್ಲಿ ಒಂದು ಪೂರಿ. ಅವರದ್ದೇನೂ ತಪ್ಪಿಲ್ಲ, ಕೈಯಲ್ಲಿ ಲ್ಯಾಬಿನವರು ಕೊಟ್ಟ ಕಾಗದ ಇತ್ತು. ನನ್ನ ಕೈಯಲ್ಲಿ ಏನಿತ್ತು? ಹೀಗೆ ಅವನು ಅತ್ತ ಗೋಧಿ ಬಿಟ್ಟವನೂ ಅಲ್ಲ, ಇತ್ತ ತಿನ್ನುವವನೂ ಅಲ್ಲ. ಹದಿನೈದು ದಿನ ಚೆನ್ನಾಗಿರೋದು, ಮತ್ತೆ ಹೊಟ್ಟೆ ಕೆಡೋದು. ಅಡುಗೆಮನೆ ಬಾಗಿಲ ಪಟ್ಟಿಯ ಮೇಲೆ ಅವನ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದೆವು. ಮೂರನೇ ಹುಟ್ಟುಹಬ್ಬದ ಗೆರೆಗೂ ನಾಲ್ಕನೆಯದಕ್ಕೂ ನಡುವೆ ನನ್ನ ಎರಡು ಬೆರಳು ಹಿಡಿಸುತ್ತಿರಲಿಲ್ಲ. ಅಳೆದರೆ 3 ಸೆಂಟಿಮೀಟರ್. ಆ ವಯಸ್ಸಿನಲ್ಲಿ ವರ್ಷಕ್ಕೆ ಆರೇಳು ಬೆಳೆಯಬೇಕು.

ಆ ನಾಲ್ಕನೇ ಹುಟ್ಟುಹಬ್ಬ ಕಳೆದ ಮೇಲೆ ಬೆಂಗಳೂರಿಗೆ, ಮಕ್ಕಳ ಹೊಟ್ಟೆ ಕಾಯಿಲೆ ನೋಡುವ ಡಾಕ್ಟರ್ ಹತ್ತಿರ ಹೋದೆವು. ಹೋಗುವಾಗ ರೈಲಿನಲ್ಲಿ ಮಗ ಹಟ ಮಾಡಿದ ಅಂತ ಯಜಮಾನರು ಮದ್ದೂರು ವಡೆ ಕೊಡಿಸಿದರು, "ಈರುಳ್ಳಿ, ಅಕ್ಕಿಹಿಟ್ಟು ತಾನೆ" ಅಂತ. ಅದರಲ್ಲಿ ರವೆ ಇದೆ, ಮೈದಾ ಇದೆ! ನಾನು ಬಾಯಿ ಬಿಡುವಷ್ಟರಲ್ಲಿ ಅರ್ಧ ಹೊಟ್ಟೆಗೆ ಹೋಗಿತ್ತು.

ಆ ಡಾಕ್ಟರ್ ರಿಪೋರ್ಟ್ ಮುಟ್ಟುವ ಮುಂಚೆಯೇ ಕೇಳಿದರು: "ಈ ರಕ್ತ ತೆಗೆದಾಗ ಮಗು ದಿನಾ ಗೋಧಿ ತಿನ್ನುತ್ತಾ ಇತ್ತಾ?" ಇಲ್ಲ ಅಂದೆ. ರಿಪೋರ್ಟ್ ಮಡಚಿ ವಾಪಸ್ ಕೊಟ್ಟರು. ಇದು ಲೆಕ್ಕಕ್ಕೆ ಬರಲ್ಲ ಅಂದರು.

ಮೊದಲು ಜೀನ್ ಪರೀಕ್ಷೆ ಮಾಡಿಸಿದರು. ಡಿಕ್ಯೂ2, ಡಿಕ್ಯೂ8 ಅಂತ ಎರಡು ಬಗೆ ಇವೆ. ಎರಡೂ ಇಲ್ಲದಿದ್ದರೆ ಸೀಲಿಯಾಕ್ ಅಲ್ಲ ಅಂತ ಹೆಚ್ಚುಕಡಿಮೆ ಖಚಿತ. ಇದ್ದರೆ ಮಾತ್ರ ಏನೂ ಖಚಿತವಿಲ್ಲ, ಕಾಯಿಲೆ ಇಲ್ಲದ ಎಷ್ಟೋ ಜನರಿಗೂ ಅವು ಇರುತ್ತವೆ. ನನ್ನ ಮಗನಿಗೆ ಡಿಕ್ಯೂ2 ಇತ್ತು. ಇನ್ನು ಉಳಿದ ದಾರಿ ಒಂದೇ, ಮತ್ತೆ ದಿನಾ ಗೋಧಿ ತಿನ್ನಿಸಿ ಪರೀಕ್ಷೆ ಮಾಡೋದು. ಆದರೆ ಐದು ವರ್ಷದೊಳಗಿನ ಮಕ್ಕಳಲ್ಲಿ ಅದನ್ನು ಆದಷ್ಟು ಮಾಡುವುದಿಲ್ಲವಂತೆ, ಬೆಳವಣಿಗೆಗೆ ಪೆಟ್ಟು ಬೀಳುತ್ತೆ ಅಂತ. ಐದು ತುಂಬಲಿ, ಅಲ್ಲಿವರೆಗೆ ಒಂದು ಚೂರೂ ಗೋಧಿ ಬೇಡ ಅಂದರು. ಒಂದು ವರ್ಷದ ಮೇಲೆ ಕಾದೆವು.

ಐದು ವರ್ಷ ನಾಲ್ಕು ತಿಂಗಳಿಗೆ, ದಸರಾ ರಜೆಯಲ್ಲಿ ಶುರು ಮಾಡಿದೆವು. ದಿನಕ್ಕೆ ಎರಡು ಸ್ಲೈಸ್ ಬ್ರೆಡ್ ಇಲ್ಲವೇ ಎರಡು ಚಪಾತಿ, ಎಂಟು ವಾರ. ಮೊದಲ ವಾರ ಅವನಿಗೆ ಹಬ್ಬ. ಮೈಸೂರಿನ ದಸರಾ ಎಕ್ಸಿಬಿಷನ್ನಿನಲ್ಲಿ ಗೋಬಿ ಮಂಚೂರಿ ಕೊಡಿಸಿದಾಗ ನನ್ನ ಮುಖವನ್ನೇ ನೋಡುತ್ತಾ ತಿಂದ, ನಿಜವಾಗಿಯೂ ತಿನ್ನಬಹುದಾ ಅನ್ನೋ ಹಾಗೆ. ಮೂರನೇ ವಾರಕ್ಕೆ ಹೊಟ್ಟೆ ಕಲ್ಲಾಯಿತು. ಈಗ ಅವನು ಎರಡು ವರ್ಷದ ಕೂಸಲ್ಲ, ಯಾವುದರಿಂದ ನೋವು ಅಂತ ಚೆನ್ನಾಗಿ ಗೊತ್ತು. ಬ್ರೆಡ್ಡಿಗೆ ತುಪ್ಪ, ಸಕ್ಕರೆ ಹಚ್ಚಿ ಮುಂದಿಟ್ಟರೆ ಅಂಚನ್ನೆಲ್ಲ ಕಿತ್ತು ತಟ್ಟೆ ಸುತ್ತ ಸಾಲಾಗಿ ಜೋಡಿಸುತ್ತಿದ್ದ. "ಅಮ್ಮ, ಇದು ಬೇಡ, ನೋಯ್ತದೆ" ಅನ್ನುತ್ತಿದ್ದ. ನಾನು ತಿನ್ನು ಅನ್ನುತ್ತಿದ್ದೆ. ಒಂದು ಸಂಜೆ ಯೂನಿಫಾರಂ ಒಗೆಯಲು ಹಾಕುವಾಗ ಚಡ್ಡಿ ಜೇಬಿನಲ್ಲಿ ಗೋಲಿಯಂಥವು ಐದು ಸಿಕ್ಕವು. ಬ್ರೆಡ್ಡಿನ ಮೆತ್ತನೆ ಭಾಗವನ್ನು ಉಂಡೆ ಕಟ್ಟಿ ಬಚ್ಚಿಟ್ಟಿದ್ದ, ಒಣಗಿ ಕಲ್ಲಾಗಿದ್ದವು. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದನೋ. ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಪರೀಕ್ಷೆಯನ್ನು ಎರಡು ವಾರ ಮುಂದೆ ಹಾಕಿದರು. ಅಂದರೆ ಇನ್ನೂ ಎರಡು ವಾರ ನಾನು ಎದುರು ಕೂತು ಕೊನೇ ತುತ್ತಿನವರೆಗೂ ತಿನ್ನಿಸಬೇಕು.

ಟಿಟಿಜಿ 20ರ ಒಳಗೆ ಇರಬೇಕಾದ್ದು 142 ಬಂತು. ಮಿತಿಯ ಹತ್ತು ಪಟ್ಟು ದಾಟಿ, ಇನ್ನೊಂದು ರಕ್ತ ಪರೀಕ್ಷೆಯೂ ಪಾಸಿಟಿವ್ ಆದರೆ ಎಂಡೋಸ್ಕೋಪಿ ಇಲ್ಲದೆಯೇ ಹೇಳಿಬಿಡಬಹುದು ಅಂತ 2020ರಲ್ಲಿ ಬಂದ ಯುರೋಪಿನ ಮಕ್ಕಳ ವೈದ್ಯರ ಮಾರ್ಗಸೂಚಿ ಇದೆ. ನಮ್ಮದು ಅಷ್ಟಿರಲಿಲ್ಲ, ಎಂಡೋಸ್ಕೋಪಿ ಆಯಿತು. ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್ ಥರ ಇರುತ್ತೆ, ಆ ಎಳೆಗಳೇ ಊಟದ ಸಾರ ಹೀರೋದು. ಇವನದ್ದು ಸವೆದ ಟವೆಲ್ ಥರ ಬೋಳಾಗಿತ್ತು. ಸೀಲಿಯಾಕ್. ನಾನು ಮೊದಲು ಊಹಿಸಿದ್ದು ಸರಿಯೇ ಇತ್ತು. ಯುಗಾದಿಯ ವಾರ ಗೋಧಿ ನಿಲ್ಲಿಸುವ ಬದಲು ರಕ್ತ ಕೊಟ್ಟಿದ್ದರೆ ಆ ತಿಂಗಳೇ ಗೊತ್ತಾಗುತ್ತಿತ್ತು.

ಈಗ ನಿಮ್ಮ ವಿಷಯ. ಎರಡು ಮೂರು ವಾರ ಬಿಟ್ಟರೆ ಆಂಟಿಬಾಡಿ ಪೂರ್ತಿ ಅಳಿಸಿಹೋಗಲ್ಲ ಅಂತ ಯಾರಾದರೂ ಹೇಳಬಹುದು. ಇರಬಹುದು. ನಾನೂ ಎರಡೇ ವಾರ ಅಂತ ಶುರು ಮಾಡಿದ್ದು. ಮಗು ನಗುನಗುತ್ತಾ ಓಡಾಡೋಕೆ ಶುರು ಮಾಡಿದ ಮೇಲೆ ಯಾವ ತಾಯಿ ಮತ್ತೆ ಬ್ರೆಡ್ ತಿನ್ನಿಸುತ್ತಾಳೆ ಹೇಳಿ.

ಇನ್ನೊಂದು, ಬಿಡಿಸಿದಾಗ ಹುಷಾರಾದರೆ ಗ್ಲುಟನ್ನೇ ಕಾರಣ ಅಂತ ಹೇಳೋಕೂ ಆಗಲ್ಲ. ಗೋಧಿಯಲ್ಲಿ ಫ್ರಕ್ಟಾನ್ ಅಂತ ಇನ್ನೊಂದು ಇದೆ, ಹೊಟ್ಟೆಯಲ್ಲಿ ಗ್ಯಾಸ್ ಮಾಡೋದು ಎಷ್ಟೋ ಸಲ ಅದೇ. ಬಿಸ್ಕತ್ತು ನಿಂತಿದ್ದಕ್ಕೇ ಹೊಟ್ಟೆ ಸರಿಹೋಗಿರಬಹುದು. ಭೇದಿ ತಾನಾಗೇ ನಿಲ್ಲುವ ಹೊತ್ತೂ ಅದೇ ಆಗಿರಬಹುದು. ಬಿಡಿಸಿ ನೋಡೋ ಪದ್ಧತಿ 1940ರ ದಶಕದ್ದು. ಹಾಲೆಂಡಿನ ಡಿಕೆ ಅನ್ನುವ ಮಕ್ಕಳ ಡಾಕ್ಟರ್ ಗೋಧಿ ತೆಗೆದರೆ ಮಕ್ಕಳು ಹುಷಾರಾಗೋದನ್ನು ಕಂಡುಕೊಂಡ ಕಾಲ. ಅವರಿಗೆ ರಕ್ತ ಪರೀಕ್ಷೆ ಇರಲಿಲ್ಲ. ನಮಗಿದೆ.

ಕಿಟ್ ಬಗ್ಗೆ: ಬೆರಳು ಚುಚ್ಚಿ ನೋಡೋ ಕಿಟ್ಟೂ ಹುಡುಕೋದು ಅದೇ ಆಂಟಿಬಾಡಿಯನ್ನೇ, ಅದಕ್ಕೂ ಮಗು ಗೋಧಿ ತಿನ್ನುತ್ತಿರಬೇಕು. ಕೆಲವು ಮಕ್ಕಳ ಮೈಯಲ್ಲಿ ಐಜಿಎ ಅನ್ನೋ ಬಗೆಯ ಆಂಟಿಬಾಡಿಯೇ ಕಡಿಮೆ ಇರುತ್ತೆ, ಅವರಲ್ಲಿ ಕಾಯಿಲೆ ಇದ್ದರೂ ನೆಗೆಟಿವ್ ಬರಬಹುದು. ಅದಕ್ಕೇ ಲ್ಯಾಬಿನಲ್ಲಿ ಟಿಟಿಜಿ ಜೊತೆ ಒಟ್ಟು ಐಜಿಎ ಕೂಡ ಬರೆಸಬೇಕು. ನೂರು ಆಹಾರಕ್ಕೆ ಒಂದೇ ಟೆಸ್ಟ್ ಅಂತ ಮಾರೋ, ಐಜಿಜಿ ಅನ್ನೋ ಇನ್ನೊಂದು ಬಗೆಯ ಆಂಟಿಬಾಡಿ ನೋಡೋ ಟೆಸ್ಟುಗಳಂತೂ ದುಡ್ಡಿಗೆ ದಂಡ.

ನಿಮ್ಮ ಮಗಳಿಗೆ ಸೀಲಿಯಾಕ್ ಅಲ್ಲದೇ ಇರೋ ಸಾಧ್ಯತೆಯೇ ಜಾಸ್ತಿ, ಅದನ್ನೂ ಹೇಳಿಬಿಡುತ್ತೇನೆ. 2016ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ನಮ್ಮ ದೇಶದ ಉತ್ತರದ ಕಡೆ ದೊಡ್ಡವರಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಜಾಸ್ತಿ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ಈ ವಯಸ್ಸಿನಲ್ಲಿ ಜಿಯಾರ್ಡಿಯಾ ಅನ್ನೋ ಪರೋಪಜೀವಿ ಇರಬಹುದು. ಭೇದಿ ಆದ ಮೇಲೆ ಸ್ವಲ್ಪ ದಿನ ಹಾಲು ಜೀರ್ಣ ಆಗದೇ ಇರಬಹುದು. ಗ್ಲುಟನ್ ಅಂತ ನೀವೇ ತೀರ್ಮಾನ ಮಾಡಿ ಗೋಧಿ ಬಿಡಿಸಿದರೆ ಮಲ ಪರೀಕ್ಷೆ ಮಾಡಿಸೋದೇ ಮರೆತುಹೋಗುತ್ತೆ.

ಒಂದು ಎಚ್ಚರಿಕೆ. ಗೋಧಿ ತಿಂದ ಕೆಲವೇ ನಿಮಿಷಕ್ಕೋ ಒಂದೆರಡು ಗಂಟೆಯೊಳಗೋ ಮೈಮೇಲೆ ದದ್ದು, ತುಟಿ ಊತ, ವಾಂತಿ, ಉಸಿರು ಕಟ್ಟೋದು ಆದರೆ ಅದು ಅಲರ್ಜಿ ಇರಬಹುದು, ಬೇರೆಯೇ ವಿಷಯ. ಆಗ ಮತ್ತೆ ಕೊಡಬೇಡಿ, ಉಸಿರಿಗೆ ಬಂದರೆ ನೇರ ಆಸ್ಪತ್ರೆ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಸುಸ್ತಾಗಿ ಮಲಗಿಬಿಟ್ಟರೆ ಮೂರು ವಾರ ಕಾಯಬೇಡಿ. ಇದನ್ನು ಓದೋಷ್ಟರಲ್ಲಿ ಈಗಾಗಲೇ ಗೋಧಿ ನಿಲ್ಲಿಸಿದ್ದರೆ, ನಿಲ್ಲಿಸಿದ ತಾರೀಕು ಬರೆದಿಟ್ಟು ಡಾಕ್ಟರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ಮನೆಯಲ್ಲಿ ಮಾಡಬಹುದಾದ್ದು ಒಂದೇ, ಒಂದು ನೋಟ್‌ಬುಕ್. ಏನು ತಿಂದಳು, ಎಷ್ಟು ಸಲ ಹೋದಳು, ಹೇಗಿತ್ತು, ಯಾವಾಗ ಅತ್ತಳು. ನಾಳೆ ಬೆಳಿಗ್ಗೆ ಮನೆಯಲ್ಲಿ ಉಪ್ಪಿಟ್ಟು ಮಾಡಿದರೆ ಅವಳಿಗೂ ಎಂದಿನಂತೆ ಬಡಿಸಿ, ಎಷ್ಟು ತುತ್ತು ತಿಂದಳು ಅಂತ ಅದರಲ್ಲಿ ಬರೆದುಕೊಳ್ಳಿ.