ಸಭೆಗೊಪ್ಪುವ ಕಿಸೆ ಚಾಕು
ಓದುಗರ ಪ್ರಶ್ನೆ – ಬಲ್ಲವರ ಉತ್ತರ

ಪ್ರಶ್ನೆ: ಮದುವಿ, ಕುಬಸ, ಸನ್ಮಾನ ಅಂತ ತಿಂಗಳಿಗೆ ನಾಕು ಕಡೆ ಹೋಗಬೇಕಾಗ್ತದ. ಹಾರದ ದಾರ ಕತ್ತರಿಸೋದು, ಉಡುಗೊರೆ ಡಬ್ಬಿ ಬಿಚ್ಚೋದು, ಲಿಂಬೆಹಣ್ಣು ಹೋಳು ಮಾಡೋದು ಎಲ್ಲಾದಕ್ಕೂ ನನ್ನನ್ನೇ ಕರೀತಾರ. ನನ್ನ ಹತ್ರ ಇರೋದು ಹೊಲಕ್ಕ ಒಯ್ಯೋ ದಪ್ಪ ಚಾಕು. ಕಿಸೆಯಿಂದ ತೆಗೆದ್ರ ಸುತ್ತ ಕುಂತವರು ಸರಿದು ಕೂಡ್ತಾರ. ಧೋತರ, ನೆಹರೂ ಶರ್ಟಿಗೆ ಒಪ್ಪೋವಂಥ ಸಣ್ಣ ಚಾಕು ಹೆಂಗ ಆರಿಸಬೇಕ್ರಿ?
– ಗಂಗಾವತಿಯ ಓದುಗರು

ಉತ್ತರ: ಜನ ಸರಿದು ಕೂಡುವುದಕ್ಕೆ ಅಲಗಿನ ಉದ್ದವೊಂದೇ ಕಾರಣವಲ್ಲ. ಒಂದೇ ಕೈಯಲ್ಲಿ ಚಟ್ಟನೆ ಬಿಚ್ಚಿಕೊಂಡು ಕಟಕ್ಕೆಂದು ಲಾಕ್ ಆಗುವ ಚಾಕು ಎಷ್ಟೇ ಚಿಕ್ಕದಿದ್ದರೂ ಸಿನಿಮಾ ಖಳನ ಕೈಯ ರಾಂಪುರಿಯನ್ನೇ ನೆನಪಿಸುತ್ತದೆ. ಹಾಗಾಗಿ ಗುಂಡಿ ಒತ್ತಿ ತೆರೆಯುವವು, ಹೆಬ್ಬೆರಳಿನಿಂದ ಚಿಮ್ಮಿಸುವವು ಬೇಡವೇ ಬೇಡ. ಅಲಗಿನ ಮೇಲೆ ಉಗುರು ಸಿಕ್ಕಿಸುವ ಸಣ್ಣ ಗೀರು ಇರುವ, ಎರಡೂ ಕೈ ಬಳಸಿ ನಿಧಾನವಾಗಿ ತೆರೆಯುವ ಚಾಕು ನಿಮಗೆ ಸರಿ. ಇದರಲ್ಲಿ ಲಾಕ್ ಇರುವುದಿಲ್ಲ. ಬೆನ್ನಿನ ಪಟ್ಟಿ ಸ್ಪ್ರಿಂಗಿನ ಒತ್ತಡವೇ ಅಲಗನ್ನು ನಿಲ್ಲಿಸುತ್ತದೆ. ಅದಕ್ಕೇ ಇದರ ತುದಿಯಿಂದ ಚುಚ್ಚಬಾರದು, ಚುಚ್ಚಿದರೆ ಅಲಗು ಮಡಚಿ ಬೆರಳ ಮೇಲೆ ಬರುತ್ತದೆ. ಡಬ್ಬಿಯ ಟೇಪನ್ನು ಯಾವಾಗಲೂ ಎಳೆದು ಕೊಯ್ಯಿರಿ.

ಅಳತೆ ಹೀಗಿರಲಿ: ಅಲಗು 3.5ರಿಂದ 6.5 ಸೆಂ.ಮೀ., ಮಡಚಿದಾಗ ಉದ್ದ 8.5 ಸೆಂ.ಮೀ. ಮೀರಬಾರದು, ದಪ್ಪ 1 ಸೆಂ.ಮೀ. ಒಳಗೆ, ತೂಕ 50 ಗ್ರಾಂ ಒಳಗೆ. ಇದಕ್ಕಿಂತ ಭಾರವಾದರೆ ನೆಹರೂ ಶರ್ಟಿನ ತೆಳು ಬಟ್ಟೆ ಜೋತು ಬಿದ್ದು ನಡೆಯುವಾಗ ತೊಡೆಗೆ ಬಡಿಯುತ್ತದೆ, ಚಾಕು ಇರುವುದು ದೂರದಿಂದಲೇ ಗೊತ್ತಾಗುತ್ತದೆ.

ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ‘ಕ್ಲಾಸಿಕ್’ ಮಡಚಿದಾಗ 58 ಮಿ.ಮೀ., ತೂಕ ಸುಮಾರು 21 ಗ್ರಾಂ. ಒಂದು ಪುಟ್ಟ ಅಲಗು, ಕತ್ತರಿ, ಉಗುರು ಉಜ್ಜುವ ಅರ, ಹಿಡಿಯೊಳಗೆ ಚಿಮಟ ಮತ್ತು ಹಲ್ಲುಕಡ್ಡಿ ಇರುತ್ತವೆ. ನಿಮ್ಮ ಕೆಲಸಕ್ಕೆ ಇದರ ಕತ್ತರಿಯೇ ಮುಖ್ಯ. ಹಾರದ ದಾರವಾಗಲಿ, ಹೊಸ ಶಾಲಿನ ಚೀಟಿಯಾಗಲಿ ಕತ್ತರಿಸಬೇಕಾಗುವುದು ಸನ್ಮಾನಿತರ ಕೊರಳ ಹತ್ತಿರ. ಅಲ್ಲಿ ಅಲಗು ಹಿಡಿಯುವುದು ನೋಡಲೂ ಚಂದವಲ್ಲ, ಅಪಾಯವೂ ಹೌದು. ಕೆಂಪು ಪ್ಲಾಸ್ಟಿಕ್ ಹಿಡಿ ಹುಡುಗರ ಸಾಮಾನಿನಂತೆ ಕಂಡರೆ ಅದರದೇ ಅಲ್ಯೂಮಿನಿಯಂ ಹಿಡಿಯ ಮಾದರಿ ತೆಗೆದುಕೊಳ್ಳಿ. ಅದು ಇನ್ನೂ ತೆಳು, ಬೆಳ್ಳಿಯ ಬಣ್ಣ, ಬಿಳಿ ಧೋತರಕ್ಕೆ ಹೇಳಿ ಮಾಡಿಸಿದ ಹಾಗೆ. ಚಿಮಟ, ಹಲ್ಲುಕಡ್ಡಿ ಮಾತ್ರ ಇರುವುದಿಲ್ಲ. ನಕಲಿ ಮಾಲು ಬಹಳವಿದೆ. ಅಲಗಿನ ಬುಡದಲ್ಲಿ ಕಂಪನಿಯ ಹೆಸರು, ‘ಸ್ವಿಸ್ ಮೇಡ್’ ಎಂಬ ಅಚ್ಚು ಸ್ಪಷ್ಟವಾಗಿರಬೇಕು.

ಹಣ್ಣು ಹೆಚ್ಚುವುದೇ ಜಾಸ್ತಿ ಎನ್ನುವವರಿಗೆ ಅದೇ ಕಂಪನಿಯ 84 ಮಿ.ಮೀ. ‘ಕ್ಯಾಡೆಟ್’ ಇದೆ, ಅದರಲ್ಲಿ ಕತ್ತರಿ ಇಲ್ಲ. ಫ್ರಾನ್ಸಿನ ಲಾಯೋಲ್ ಹಳ್ಳಿಯ ಹೆಸರಿನ, ಸ್ಪ್ರಿಂಗಿನ ಮೇಲೆ ಜೇನುನೊಣದ ಗುರುತಿರುವ ಬಾಗಿದ ಚಾಕು ಇವೆಲ್ಲಕ್ಕಿಂತ ಚೆಲುವು. ಆದರೆ ಮಡಚಿದರೂ 11–12 ಸೆಂ.ಮೀ. ಇರುತ್ತದೆ, ಅದು ಊಟದ ಮೇಜಿನ ಚಾಕು. ಆ ಹೆಸರನ್ನು ಎಲ್ಲೆಲ್ಲಿಯೋ ಮಾಡಿದ ಅಗ್ಗದ ಮಾಲಿನ ಮೇಲೂ ಹಾಕುತ್ತಾರೆ, ಹೆಸರು ನೋಡಿ ದುಡ್ಡು ಕೊಡಬೇಡಿ.

ಅಂಗಡಿಯಲ್ಲಿ ಕೈಗೆ ಕೊಟ್ಟಾಗ ಮೊದಲು ಅಲಗು ತೆರೆದು ಎಡಕ್ಕೆ ಬಲಕ್ಕೆ ಅಲುಗಾಡಿಸಿ. ಕೂದಲೆಳೆಯಷ್ಟು ಅಲುಗಿದರೂ ಕೀಲಿನ ರಿವಿಟ್ ಸಡಿಲ ಎಂದರ್ಥ, ಅದು ದಿನ ಹೋದಂತೆ ಹೆಚ್ಚುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ. ಆಮೇಲೆ ಬೆಳಕಿಗೆ ಹಿಡಿದು ಸ್ಪ್ರಿಂಗಿಗೂ ಹಿಡಿಗೂ ನಡುವೆ ಸಂದು ಕಾಣುತ್ತದೆಯೇ ನೋಡಿ. ಕಂಡರೆ ಲಿಂಬೆರಸ, ಧೂಳು ಅಲ್ಲೇ ಸೇರುತ್ತವೆ. ಕೊನೆಗೆ ಮಡಚಿ ಬಿಚ್ಚಿ ಅಲಗಿನ ಬಾಯಿಯನ್ನು ನೋಡಿ. ಒಂದು ಕಡೆ ಚುಕ್ಕೆಯಂತೆ ಮಿಂಚಿದರೆ ಮಡಚುವಾಗ ಬಾಯಿ ಒಳಗಿನ ಸ್ಪ್ರಿಂಗಿಗೆ ತಾಕುತ್ತಿದೆ. ಅಂಥದನ್ನು ಎಷ್ಟು ಸಾಣೆ ಹಿಡಿದರೂ ಆ ಜಾಗ ಮತ್ತೆ ಮೊಂಡಾಗುತ್ತದೆ.

ನಾಣ್ಯ, ಕೀಲಿಕೈಗಳ ಜೊತೆ ಹಾಕಿಕೊಂಡರೆ ಒಂದೇ ತಿಂಗಳಲ್ಲಿ ಹಿಡಿಯ ಹೊಳಪು ಹೋಗುತ್ತದೆ. ಟೇಲರ್ ಹತ್ತಿರ ಒಂದು ಸಣ್ಣ ಬಟ್ಟೆ ಚೀಲ ಹೊಲಿಸಿ. ಪ್ಯಾಂಟಿನವರಿಗೆ ಆ ಚಿಂತೆಯೂ ಇಲ್ಲ, ಬಳ್ಳಾರಿಯಲ್ಲಿ ದಿನಾ ಹೊಲಿಯುವ ಜೀನ್ಸಿನ ಬಲಗಿಸೆಯೊಳಗೆ ಇನ್ನೊಂದು ಪುಟ್ಟ ಕಿಸೆ ಇರುತ್ತದಲ್ಲ, 58 ಮಿ.ಮೀ. ಚಾಕು ಅದರಲ್ಲಿ ಕೂತರೆ ಅಲುಗುವುದಿಲ್ಲ. ಕಿಸೆಗೆ ಸಿಕ್ಕಿಸುವ ಕ್ಲಿಪ್ ಇರುವ ಚಾಕು ಮಾತ್ರ ರೇಷ್ಮೆಗೆ ಶತ್ರು.

ಪ್ರಶ್ನೆ: ಎಮ್ಮೆ ಕೊಂಬಿನ ಹಿಡಿಯ ಚಾಕು ತರಿಸಿದ್ದೆ, ಒಂದೇ ಬೇಸಿಗೆಗೆ ಹಿಡಿ ಸೀಳಿತು. ಕಟ್ಟಿಗೆ ಹಿಡಿಯ ಫ್ರೆಂಚ್ ಮಡಚು ಚಾಕು ಒಪಿನೆಲ್ ಮಳೆಗಾಲದಲ್ಲಿ ತೆರೆಯುವುದೇ ಇಲ್ಲ. ಯಾವುದರ ತಪ್ಪು?
– ರಾಯಚೂರಿನ ಓದುಗರು

ಉತ್ತರ: ಹವೆಯದು. ಕೊಂಬು, ಕಟ್ಟಿಗೆ ಎರಡೂ ಗಾಳಿಯ ತೇವ ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ರಾಯಚೂರಿನ ಬೇಸಿಗೆಯ ಒಣ ಬಿಸಿಯಲ್ಲಿ ಹಿಡಿ ಕುಗ್ಗುತ್ತದೆ, ಅದನ್ನು ಬಿಗಿದಿರುವ ಲೋಹದ ಪಿನ್ನು ಜಾಗ ಬಿಡುವುದಿಲ್ಲ. ಸೀಳು ಪಿನ್ನಿನ ತೂತಿನಿಂದಲೇ ಶುರುವಾಗಿದೆಯೇ ನೋಡಿ. ಕಾರಿನ ಡ್ಯಾಶ್‌ಬೋರ್ಡ್, ಬೈಕಿನ ಡಬ್ಬಿಯಲ್ಲಿ ಬಿಟ್ಟರೆ ಇನ್ನೂ ಬೇಗ. ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ ಎರಡು ಹನಿ ಬಟ್ಟೆಗೆ ಹಾಕಿ, ಮಾರ್ಚಿನಲ್ಲೊಮ್ಮೆ ಮೇ ತಿಂಗಳಲ್ಲೊಮ್ಮೆ ಹಿಡಿಗೆ ಉಜ್ಜಿ. ಬಿದ್ದ ಸೀಳಿಗೆ ಇದು ಮದ್ದಲ್ಲ.

ಒಪಿನೆಲ್‌ನ ಕಥೆ ಉಲ್ಟಾ. ಹಿಡಿ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಉಗುರಿನಿಂದ ಎಳೆದರೆ ಉಗುರು ಮುರಿಯುತ್ತದೆ. ಅಲಗು ಕೂಡುವ ಕಡೆ ಹಿಡಿಗಿರುವ ಲೋಹದ ಬಳೆಯನ್ನು ತಿರುಗಿಸಿ ಲಾಕ್ ಬಿಡಿಸಿ, ಹಿಡಿಯ ಹಿಂತುದಿಯನ್ನು ಕಟ್ಟಿಗೆ ಹಲಗೆಯ ಮೇಲೆ ಟಕ್ ಎಂದು ಕುಟ್ಟಿರಿ, ಅಲಗು ತಾನೇ ತುಸು ಮೇಲೆದ್ದು ಬರುತ್ತದೆ. ಆಮೇಲೆ ತೆರೆದಿಟ್ಟು ನೆರಳಲ್ಲಿ ಎರಡು ದಿನ ಒಣಗಿಸಿ. ಬಿಸಿಲಿಗೆ, ಒಲೆಯ ಹತ್ತಿರ ಇಟ್ಟರೆ ಇದೂ ಸೀಳುತ್ತದೆ. ನಿಮ್ಮ ಊರಿಗೆ ಅಲ್ಯೂಮಿನಿಯಂ ಇಲ್ಲವೇ ಸ್ಟೀಲ್ ಹಿಡಿಯೇ ಹಿತ.

ಪ್ರಶ್ನೆ: ನಮ್ಮ ಮಾವನವರಿಗೆ ಅರವತ್ತು ತುಂಬುತ್ತಿದೆ. ಹಣ್ಣು ತಾವೇ ಹೆಚ್ಚಿ ತಿನ್ನುವವರು. ಬೆಳ್ಳಿ ಚಾಕು ಕೊಡಬಹುದೇ? ಹೆಸರು ಕೆತ್ತಿಸಬೇಕೆಂದಿದೆ. ಚಾಕು ಉಡುಗೊರೆ ಕೊಟ್ಟರೆ ಸಂಬಂಧ ಹರಿಯುತ್ತದೆ ಎಂದು ಅತ್ತೆಯವರು ಬೇಡ ಅನ್ನುತ್ತಿದ್ದಾರೆ.
– ಬಳ್ಳಾರಿಯ ಓದುಗರು

ಉತ್ತರ: ಬೆಳ್ಳಿ ಅಲಗಿಗೆ ದೊಡ್ಡ ಚರಿತ್ರೆಯೇ ಇದೆ. ಹಳೆಯ ಉಕ್ಕಿಗೆ ಹಣ್ಣಿನ ಹುಳಿ ತಾಕಿದರೆ ಅಲಗು ಕಪ್ಪಾಗಿ ಹಣ್ಣಿಗೂ ಕಬ್ಬಿಣದ ರುಚಿ ಬರುತ್ತಿತ್ತು. ಆದ್ದರಿಂದ 18, 19ನೇ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬೆಳ್ಳಿಯ ಅಲಗು, ಮುತ್ತಿನ ಚಿಪ್ಪಿನ ಹಿಡಿಯ ಮಡಚುವ ಹಣ್ಣಿನ ಚಾಕುಗಳನ್ನು ಮಾಡುತ್ತಿದ್ದರು. ಅದೇ ಶೆಫೀಲ್ಡಿನಲ್ಲಿ 1913ರಲ್ಲಿ ಹ್ಯಾರಿ ಬ್ರೇರ್ಲಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದ ಮೇಲೆ ಬೆಳ್ಳಿಯ ಅಗತ್ಯ ಹೋಯಿತು. ಬೆಳ್ಳಿ ಮೆತ್ತಗಿನ ಲೋಹ. ಬಾಳೆ, ಮಾಗಿದ ಪೇರಲ ಕತ್ತರಿಸೀತು, ದಾಳಿಂಬೆಯ ಸಿಪ್ಪೆಗೆ ಸೋಲುತ್ತದೆ. ದಿನ ಬಳಸಲಿ ಎಂದಿದ್ದರೆ ಸ್ಟೇನ್‌ಲೆಸ್ ಅಲಗು, ಹಿಡಿಯ ತುದಿಗೆ ಮಾತ್ರ ಬೆಳ್ಳಿ ಇರಲಿ. ಹೆಸರನ್ನು ಆ ಬೆಳ್ಳಿಯ ಮೇಲೆ ಕೆತ್ತಿಸಿ, ಎರಡು ಅಕ್ಷರ ಸಾಕು. ಅಲಗಿನ ಮೇಲೆ ಕೆತ್ತಿಸಿದರೆ ಗೀರುಗಳಲ್ಲಿ ಹಣ್ಣಿನ ರಸ ಕೂಡುತ್ತದೆ.

ಹಳೆಯ ಸಾಮಾನಿನ ಅಂಗಡಿಯಲ್ಲಿ ದಂತದ ಹಿಡಿ, ಜಿಂಕೆ ಕೊಂಬಿನ ಹಿಡಿ ತೋರಿಸಿದರೆ ಮುಟ್ಟಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವುಗಳ ವ್ಯಾಪಾರ ನಿಷಿದ್ಧ.

ಅತ್ತೆಯವರ ಅಳುಕು ನಮ್ಮಲ್ಲಷ್ಟೇ ಅಲ್ಲ, ಯುರೋಪಿನಲ್ಲೂ ಇದೆ. ಅಲ್ಲಿ ಪಡೆದವರು ಒಂದು ನಾಣ್ಯ ತಿರುಗಿ ಕೊಡುತ್ತಾರೆ. ಆಗ ಅದು ಉಡುಗೊರೆಯಲ್ಲ, ಖರೀದಿ. ಮಾವನವರಿಂದ ಒಂದು ರೂಪಾಯಿ ಈಸಿಕೊಳ್ಳಿ, ಅತ್ತೆಯವರೂ ನಗುತ್ತಾರೆ. ಚರ್ಮದ ಚೀಲದಲ್ಲಿ ಇಟ್ಟು ಕೊಡಬೇಡಿ, ಹದ ಮಾಡಿದ ಚರ್ಮದಲ್ಲಿ ಉಳಿದ ರಾಸಾಯನಿಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಕಿನ್ನಾಳದ ಕುಶಲಕರ್ಮಿಗಳನ್ನು ಕೇಳಿ ನೋಡಿ, ಬಣ್ಣದ ಕಟ್ಟಿಗೆ ಡಬ್ಬಿ ಮಾಡಿಕೊಟ್ಟರೆ ಅದರೊಳಗೆ ಹತ್ತಿ ಬಟ್ಟೆ ಹಾಸಿ ಇಡಬಹುದು.

ಪ್ರಶ್ನೆ: ಕಿಸೆಯಲ್ಲಿ ಚಾಕು ಇಟ್ಟುಕೊಂಡರೆ ಪೊಲೀಸರ ತಕರಾರು ಇದೆಯೇ?
– ಸಿಂಧನೂರಿನ ಓದುಗರು

ಉತ್ತರ: 2016ರ ಆಯುಧ ನಿಯಮಗಳು ಲೆಕ್ಕಕ್ಕೆ ಹಿಡಿಯುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳನ್ನು. ಮೇಲೆ ಹೇಳಿದ ಅಳತೆಯ ಸಣ್ಣ ಚಾಕುಗಳ ಅಲಗು ಅದರ ಮೂರನೇ ಒಂದು ಭಾಗದಷ್ಟೂ ಉದ್ದವಿಲ್ಲ. ಆದರೆ ಚುನಾವಣೆ, ಗಲಭೆಯ ಹೊತ್ತಿಗೆ ನಿಷೇಧಾಜ್ಞೆ ಜಾರಿಯಾದರೆ ಅದರಲ್ಲಿ ಮಾರಕಾಸ್ತ್ರ ಒಯ್ಯಬಾರದೆಂಬ ಮಾತಿರುತ್ತದೆ. ಆಗ ಸಣ್ಣದೋ ದೊಡ್ಡದೋ ಎಂಬ ವಾದಕ್ಕೆ ಇಳಿಯದೆ ಮನೆಯಲ್ಲಿ ಬಿಡಿ. ಕೋರ್ಟಿಗೆ, ಚೀಲ ತಪಾಸಣೆಯಿರುವ ದೇವಸ್ಥಾನಕ್ಕೆ ಹೋಗುವಾಗಲೂ ಅಷ್ಟೇ. ಮದುವೆಗೆಂದು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ವಿಮಾನ ಹತ್ತುವವರು ಚಾಕುವನ್ನು ಲಗೇಜಿಗೆ ಹಾಕುವ ಸೂಟ್‌ಕೇಸಿನಲ್ಲಿಡಬೇಕು. ಕೈಚೀಲದಲ್ಲಿ ಸಿಕ್ಕರೆ ಅಲ್ಲೇ ಬಿಟ್ಟುಹೋಗಬೇಕಾಗುತ್ತದೆ.

ಪ್ರಶ್ನೆ: ಸಣ್ಣ ಚಾಕುವನ್ನು ಬೀದಿಯ ಸಾಣೆಯವರ ಹತ್ತಿರ ಕೊಡಬಹುದೇ?
– ಕೊಪ್ಪಳದ ಓದುಗರು

ಉತ್ತರ: ಕುಡುಗೋಲಿಗೆ, ಈಳಿಗೆಮಣೆಗೆ ಸರಿ, ಇದಕ್ಕೆ ಬೇಡ. ತೆಳು ಅಲಗು ಒಣ ಚಕ್ರಕ್ಕೆ ತಾಕಿದ ಕ್ಷಣಾರ್ಧದಲ್ಲಿ ಕಾಯುತ್ತದೆ. ಬಾಯಿ ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತು, ಮುಂದೆ ಹರಿತ ನಿಲ್ಲುವುದಿಲ್ಲ.

1000 ಗ್ರಿಟ್‌ನ ನೀರಿನ ಸಾಣೆಕಲ್ಲು (ಗ್ರಿಟ್ ಎಂದರೆ ಕಲ್ಲಿನ ಕಣದ ನುಣುಪಿನ ಅಳತೆ) ಒಂದಿದ್ದರೆ ಮನೆಯಲ್ಲೇ ಹತ್ತು ನಿಮಿಷದ ಕೆಲಸ. ಕಲ್ಲನ್ನು ಹತ್ತು ನಿಮಿಷ ನೀರಲ್ಲಿ ನೆನೆಹಾಕಿ. ಕೋನ ತಿಳಿಯಲು ಎರಡು ಒಂದು ರೂಪಾಯಿ ನಾಣ್ಯ ಒಂದರ ಮೇಲೊಂದಿಟ್ಟು ಅಲಗಿನ ಬೆನ್ನನ್ನು ಅದಕ್ಕೆ ಆನಿಸಿ. ಸುಮಾರು 1 ಸೆಂ.ಮೀ. ಅಗಲದ ಅಲಗಿಗೆ ಆ 3 ಮಿ.ಮೀ. ಎತ್ತರ ಎಂದರೆ 17–18 ಡಿಗ್ರಿ. ಕೈಗೆ ಆ ಓರೆ ಗುರುತಾದ ಮೇಲೆ ನಾಣ್ಯ ತೆಗೆದುಬಿಡಿ. ಒಂದು ಮಗ್ಗುಲಿಗೆ ಎಂಟು ಹತ್ತು ಸಲ ಉಜ್ಜಿ, ಇನ್ನೊಂದು ಬದಿಯ ಬಾಯಂಚಿಗೆ ಹೆಬ್ಬೆರಳನ್ನು ಅಡ್ಡಲಾಗಿ ಸವರಿದರೆ ತೊಡರಿನಂತೆ ಸಣ್ಣ ಏಣು ತಾಕಬೇಕು. ತಾಕದಿದ್ದರೆ ಸಾಣೆ ಇನ್ನೂ ಬಾಯಿಯ ತನಕ ಮುಟ್ಟಿಲ್ಲ. ತಾಕಿದರೆ ಮಗ್ಗುಲು ಬದಲಿಸಿ, ಕೊನೆಗೆ ಹಗುರವಾಗಿ ಒಂದೊಂದೇ ಸಲ ಅದಲು ಬದಲು ಮಾಡಿ. ಹಳೆಯ ಬೆಲ್ಟಿನ ಒರಟು ಬದಿಯ ಮೇಲೆ ಬೆನ್ನು ಮುಂದಾಗಿ ಹತ್ತು ಸಲ ಎಳೆಯಿರಿ. ಪತ್ರಿಕೆಯ ಹಾಳೆ ತಡವರಿಸದೆ ಸೀಳಿದರೆ ಮುಗಿಯಿತು.

ಸಾಣೆಯ ಮಣ್ಣು ಕೀಲಿನಲ್ಲಿ ಉಳಿಯುತ್ತದೆ. ಬೆಚ್ಚಗಿನ ನೀರಿನೊಳಗೇ ನಾಲ್ಕು ಸಲ ತೆರೆದು ಮಡಚಿ, ಒರೆಸಿ, ಕೀಲಿಗೆ ಒಂದೇ ಹನಿ ಲಿಕ್ವಿಡ್ ಪ್ಯಾರಫಿನ್ ಬಿಡಿ. ಕೊಬ್ಬರಿ ಎಣ್ಣೆ ಹಾಕಿದವರ ಚಾಕು ಚಳಿಗಾಲದ ಬೆಳಿಗ್ಗೆ ತೆರೆಯಲಾರದಷ್ಟು ಬಿಗಿದಿರುತ್ತದೆ, ಆ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ.

ಪ್ರಶ್ನೆ: ಊಟದ ನಂತರ ಎಲೆ ಅಡಿಕೆಗೆ ಇದೇ ಚಾಕು ಸಾಕಾಗದೇ?
– ಸಿರುಗುಪ್ಪದ ಓದುಗರು

ಉತ್ತರ: ಎಲೆಯ ತೊಟ್ಟು ಚಿವುಟಲು ಸಾಕು. ಒಣ ಅಡಿಕೆಗೆ ಇಟ್ಟರೆ ತೆಳು ಬಾಯಿ ಹಲ್ಲು ಬೀಳುತ್ತದೆ, ಅದು ಅಡಕತ್ತರಿಯ ಕೆಲಸ. ಅಡಿಕೆಯ ಒಗರು ತಾಕಿ ಕಾರ್ಬನ್ ಉಕ್ಕಿನ ಅಲಗು ಕಪ್ಪಾಗಿದ್ದರೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಬಟ್ಟೆಯಿಂದ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಉಜ್ಜಿ, ಕೂಡಲೇ ಒರೆಸಿ ಒಣಗಿಸಿ.