ಕಾಂಡ್ಲ ಕಾಡಿಗೆ ಹೊರಡುವ ಮೊದಲು ಉಬ್ಬರ-ಇಳಿತ ನೋಡಿ

ಭಟ್ಟರೇ, ಡಿಸೆಂಬರ್ ರಜೆಯಲ್ಲಿ ಇಬ್ಬರು ಮಕ್ಕಳನ್ನೂ ತಂದೆಯವರನ್ನೂ ಕರೆದುಕೊಂಡು ಪುತ್ತೂರಿನಿಂದ ಕಾಸರಗೋಡಿಗೆ ಬರುತ್ತೇವೆ, ಕಾಂಡ್ಲ ಕಾಡು (ಹೊಳೆ ಕಡಲು ಸೇರುವಲ್ಲಿ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ನೋಡಲು ಹೌಸ್‌ಬೋಟ್ ಒಳ್ಳೆಯದೋ ಸಣ್ಣ ದೋಣಿಯೋ, ಯಾವ ಭಾನುವಾರ ಬರಲಿ ಎಂದು ಕೇಳಿದ್ದೀರಿ. ಭಾನುವಾರವನ್ನು ಆಮೇಲೆ ಆರಿಸೋಣ. ಆ ದಿನ ಬೆಳಗ್ಗೆ ನೀರು ಏರುತ್ತಿರುತ್ತದೋ ಇಳಿಯುತ್ತಿರುತ್ತದೋ ಎಂಬುದು ಮೊದಲು ಗೊತ್ತಾಗಬೇಕು.

ಐದಾರು ವರ್ಷದ ಹಿಂದೆ ನಾನು ಅದನ್ನು ನೋಡದೆ ಅತ್ತೆಯವರನ್ನು ದೋಣಿ ಹತ್ತಿಸಿದ್ದೆ. ಕಿರುತೊರೆಯ ಒಳಗೆ ಹೋದ ಮೇಲೆ ನೀರು ಇಳಿಯಿತು, ದೋಣಿ ಕೆಸರಿನಲ್ಲಿ ಕುಳಿತುಬಿಟ್ಟಿತು. ದೋಣಿಯವರು ಬಿದಿರಿನ ಗಳ ಊರಿ ತಳ್ಳಿದರೆ ಗಳವೇ ಕೆಸರಿಗೆ ಇಳಿಯುತ್ತಿತ್ತು. ಎರಡು ಗಂಟೆ ಕಾದೆವು. ತಂದ ಅವಲಕ್ಕಿ ಮೊದಲ ಅರ್ಧ ಗಂಟೆಯಲ್ಲಿ ಮುಗಿಯಿತು. ಮಾತು ಅದಕ್ಕೂ ಮೊದಲೇ ಮುಗಿದಿತ್ತು.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಎರಡು ಸಲ ಇಳಿಯುತ್ತದೆ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಕಳೆದ ವಾರ ಬಂದವರು ಹೇಳಿದ ಸಮಯ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಮಂಗಳೂರು ಬಂದರಿನ ಉಬ್ಬರ-ಇಳಿತದ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ, ಅಂದಾಜಿಗೆ ಅಷ್ಟು ಸಾಕು. ನೀರು ಏರಲು ತೊಡಗಿ ಕೆಸರು ಇನ್ನೂ ಅರ್ಧ ಕಾಣುತ್ತಿರುವಾಗ ಹೊರಡಿ. ಆಗ ಕೆಸರಿನ ಮೇಲೆ ಏಡಿಗಳು, ಕುಪ್ಪಳಿಸುವ ಮೀನುಗಳು, ಅವಕ್ಕೆ ಕಾದು ನಿಂತ ಬೆಳ್ಳಕ್ಕಿ, ಗೊರವ ಎಲ್ಲವೂ ಇರುತ್ತವೆ. ದೋಣಿ ಸಿಕ್ಕಿಕೊಂಡರೂ ನೀರೇ ಎತ್ತಿಕೊಡುತ್ತದೆ.

ಹೌಸ್‌ಬೋಟ್ ಕೆಟ್ಟದ್ದಲ್ಲ. ನೀಲೇಶ್ವರದ ಕೋಟ್ಟಪ್ಪುರದಿಂದ ವಲಿಯಪರಂಬದ ಹಿನ್ನೀರಿನಲ್ಲಿ ಸುತ್ತಿಸಿ ಊಟ ಹಾಕುತ್ತಾರೆ, ತಂದೆಯವರಿಗೆ ಹಾಯೆನಿಸಬಹುದು. ಆದರೆ ಅದು ಅಗಲ ನೀರು ಬಿಟ್ಟು ಬರುವುದಿಲ್ಲ, ಎಂಜಿನ್ ಸದ್ದಿಗೆ ಮಿಂಚುಳ್ಳಿ ಆಗಲೇ ಹಾರಿರುತ್ತದೆ. ಬೇರುಗಳ ನಡುವೆ ನುಗ್ಗಲು ಹುಟ್ಟು ಹಾಕುವ ಸಣ್ಣ ದೋಣಿಯೇ ಆಗಬೇಕು. ನಿಮಗೆ ಹತ್ತಿರವೆಂದರೆ ಕುಂಬಳೆ, ಶಿರಿಯ ಹೊಳೆಗಳ ಅಳಿವೆಯ ಕಡೆ. ಬದಿಯಡ್ಕದ ಮೇಲೆ ಬಂದರೆ ಆಯಿತು. ಅಲ್ಲಿ ಕನ್ನಡ, ತುಳು ನಡೆಯುತ್ತದೆ. ಚಂದ್ರಗಿರಿ ಹೊಳೆ ದಾಟಿದರೆ ಮಲಯಾಳದಲ್ಲಿ ‘ವೇಲಿಯೇಟ್ಟಂ ಎಪ್ಪೋಳ್?’ ಎಂದು ಕೇಳಿ, ಉಬ್ಬರ ಎಷ್ಟು ಹೊತ್ತಿಗೆ ಎಂದರ್ಥ. ಅದೇ ದಿನ ಬೇಕಲ ಕೋಟೆಯನ್ನೂ ಸೇರಿಸಬೇಡಿ, ಎರಡೂ ಕೆಡುತ್ತವೆ.

ಮಕ್ಕಳಿಗೆ ತೋರಿಸಲು ಮರಗಳೇ ಸಾಕಷ್ಟಿವೆ. ಊರುಗೋಲಿನಂತೆ ಬೇರು ಬಿಟ್ಟದ್ದನ್ನು ಮಲಯಾಳದಲ್ಲಿ ‘ಪ್ರಾಂದನ್ ಕಂಡಲ್’ ಎನ್ನುತ್ತಾರೆ, ಹುಚ್ಚು ಕಾಂಡ್ಲ. ಅದರ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ನೇತಾಡುತ್ತದೆ. ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ಎದ್ದ ಬೇರುಗಳು ಉಪ್ಪಟ್ಟಿ ಎಂಬ ಮರದವು; ಉಸಿರಾಡಲು ಮೇಲೆ ಬಂದವು. ಅದರ ಎಲೆ ಉಪ್ಪನ್ನು ಹೊರಹಾಕುತ್ತದೆ, ಆದರೆ ನೆಕ್ಕಿ ನೋಡಲು ಮಕ್ಕಳಿಗೆ ಹೇಳಬೇಡಿ. ಪಕ್ಕದಲ್ಲೇ ‘ಕಣ್ಣಾಂಪೊಟ್ಟಿ’ ಮರ ಇರಬಹುದು. ಅದರ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಯಾವ ಎಲೆಯನ್ನೂ ಕೀಳದಿರುವುದೇ ಒಳ್ಳೆಯದು.

ಚಳಿಗಾಲದಲ್ಲಿ ಕಪ್ಪುತಲೆಯ ಮಿಂಚುಳ್ಳಿ ವಲಸೆ ಬರುತ್ತದೆ, ಕಾಂಡ್ಲದ ತಗ್ಗಿನ ಕೊಂಬೆಗಳನ್ನು ನೋಡುತ್ತಿರಿ. ಬಿಳಿ ಹೊಟ್ಟೆಯ ಕಡಲ ಹದ್ದಿಗೆ ತಲೆ ಎತ್ತಬೇಕು. 2023ರಲ್ಲಿ ಅದನ್ನು ಕಾಸರಗೋಡು ಜಿಲ್ಲೆಯ ಪಕ್ಷಿ ಎಂದು ಘೋಷಿಸಿದರು. ಅದರ ಜೊತೆಗೇ ಜಿಲ್ಲೆಯ ಜೀವಿ ಎಂದು ಘೋಷಿಸಿದ ದೈತ್ಯ ಮೆದುಚಿಪ್ಪಿನ ಆಮೆ ಚಂದ್ರಗಿರಿಯಲ್ಲಿದೆ, ನಾನಂತೂ ಕಂಡಿಲ್ಲ. ಮಕ್ಕಳಿಗೆ ಅದರ ಆಸೆ ಹುಟ್ಟಿಸಬೇಡಿ. ನೀರುನಾಯಿ ಕಂಡರೆ ಅದೃಷ್ಟ.

ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ, ‘ಸೊಂಟದಷ್ಟೇ ನೀರು’ ಎಂದರೂ. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ ದೋಣಿ ಮಗುಚಿ 22 ಜನ ಸತ್ತರು. ಮಕ್ಕಳ ಅಳತೆಯ ಜಾಕೆಟ್ ಇದೆಯೇ ಎಂದು ಹಿಂದಿನ ದಿನವೇ ಫೋನಿನಲ್ಲಿ ಕೇಳಿ.

ತಂದೆಯವರಿಗೆ ಮಂಡಿ ನೋವು ಎಂದಿದ್ದೀರಿ. ಕಡವಿನಲ್ಲಿ ಮೆಟ್ಟಿಲು ಇದೆಯೇ ಎಂದೂ ಕೇಳಿ, ಇಳಿತದ ಹೊತ್ತಿಗೆ ಕೆಳಗಿನ ಮೆಟ್ಟಿಲುಗಳಲ್ಲಿ ಪಾಚಿ ಇರುತ್ತದೆ. ತಾರೀಕು ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ಪಟ್ಟಿ ನೋಡಿ ಹೊರಡುವ ಹೊತ್ತು ಹೇಳುತ್ತೇನೆ.