ಮಂಡೆಬಿಸಿ ಅಂದ್ರೆ ಎಂಥದು

ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಎಂಎ) ಮುಗಿಸಿ ಸಾಗರದ ಕಡೆ ಫ್ಯಾಮಿಲಿ ಕೌನ್ಸೆಲಿಂಗ್ ಮಾಡಬೇಕು ಅಂತಿದ್ದೀರಿ, ಇಲ್ಲಿನ ಜನ ಹೇಗೆ ಅಂತ ಕೇಳಿದ್ದೀರಿ. ಇಲ್ಲಿ ಇದೇ ಕೆಲಸ ಮಾಡುವವಳು/ವವನಾಗಿ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಇಲ್ಲಿ ಯಾರೂ ಬಂದು ನನಗೆ ಡಿಪ್ರೆಶನ್ ಅನ್ನುವುದಿಲ್ಲ. 'ಸ್ವಲ್ಪ ಮಂಡೆಬಿಸಿ' ಅನ್ನುತ್ತಾರೆ. ಇಲ್ಲದಿದ್ದರೆ ತಲೆ ಭಾರ, ಊಟ ಸೇರುವುದಿಲ್ಲ, ರಾತ್ರಿ ಎರಡಕ್ಕೇ ಎಚ್ಚರ. ಆ ಒಂದು ಮಂಡೆಬಿಸಿಯೊಳಗೆ ಸಾಲ, ಹೆಣ್ಣು ಸಿಗದ ಮಗ, ಗಂಡನ ಕುಡಿತ ಎಲ್ಲ ಇರುತ್ತದೆ. ನೀವು ಫಾರಂ ತೆಗೆದು ಪ್ರಶ್ನೆ ಶುರು ಮಾಡಿದರೆ 'ಎಂಥ ಇಲ್ಲ, ಆರಾಮ' ಅಂತ ಎದ್ದು ಹೋಗುತ್ತಾರೆ. ಜಗಲಿಯಲ್ಲಿ ಕೂತು ಅಡಿಕೆ ರೇಟು, ಕೊಳೆರೋಗ, ಎಲೆಚುಕ್ಕಿ ಎಲ್ಲ ಆದ ಮೇಲೆ ಮನೆ ವಿಷಯ ತಾನಾಗಿ ಬರುತ್ತದೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಗಡಿ. ಆ ಕಡೆ ಉತ್ತರ ಕನ್ನಡ, ಘಟ್ಟ ಇಳಿದರೆ ಉಡುಪಿ. ಹವ್ಯಕ ಬ್ರಾಹ್ಮಣರ ಕನ್ನಡ ಒಂದು, ದೀವರ ಸಮುದಾಯದ್ದು ಇನ್ನೊಂದು, ಪೇಟೆಯಲ್ಲಿ ಕೊಂಕಣಿ, ಉರ್ದು. ಎಲ್ಲ ಕಲಿಯಲು ಆಗುವುದಿಲ್ಲ, ಕೇಳಿಸಿಕೊಂಡರೆ ಸಾಕು. ಊರ ದೇವತೆ ಚೌಡಿಗೆ ಹರಕೆ ಹೊತ್ತಿದ್ದೇವೆ ಅಂದರೆ ಮುಖ ಸಿಂಡರಿಸಬೇಡಿ. ಹರಕೆಯೂ ಇರಲಿ, ಮಾತ್ರೆಯೂ ನಡೆಯಲಿ.

ಗುಟ್ಟು ಉಳಿಸುವುದು ಬಹಳ ಕಷ್ಟ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರು 2025ರ ಜುಲೈಯಲ್ಲಿ ಸೇತುವೆ ಆಗುವವರೆಗೂ ಲಾಂಚಿನಲ್ಲಿ ದಾಟಿ ಬರುತ್ತಿದ್ದರು, ಅಲ್ಲಿ ನಾಲ್ಕು ಜನ 'ಎಲ್ಲಿಗೆ ಹೊರಟಿದ್ದು?' ಅಂತ ಕೇಳಿಯೇ ಕೇಳುತ್ತಿದ್ದರು. ಅದಕ್ಕೆ ಸಂತೆ ದಿನ ಬನ್ನಿ ಅನ್ನುತ್ತಿದ್ದೆ. ಕೈಯಲ್ಲಿ ಚೀಲ ಇದ್ದರೆ ಯಾರಿಗೂ ಅನುಮಾನ ಬರುವುದಿಲ್ಲ ಅಲ್ವಾ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ನೀರಿನಲ್ಲಿ ಊರು ಮುಳುಗಿ ಬೇರೆ ಕಡೆ ಹೋದ ಎಷ್ಟೋ ಮನೆಗೆ ಇನ್ನೂ ಜಾಗದ ಹಕ್ಕುಪತ್ರ ಇಲ್ಲ. ಗಂಡ ಹೆಂಡತಿ ಜಗಳ ಅಂತ ಬಂದದ್ದನ್ನು ಕೆದಕುತ್ತಾ ಹೋದರೆ ಕೆಲವು ಸಲ ಅಡಿಯಲ್ಲಿ ಸಿಗುವುದು ಈ ಕಾಗದವೇ. ಅದಿಲ್ಲದೆ ಸಾಲ ಇಲ್ಲ, ಅಣ್ಣತಮ್ಮಂದಿರಿಗೆ ಪಾಲು ಇಲ್ಲ. ಅಂಥವರಿಗೆ ಉಸಿರು ಎಳೆದು ಬಿಡಿ ಅಂದರೆ ನಕ್ಕುಬಿಡುತ್ತಾರೆ. ಅರ್ಜಿ ಹಿಡಿದು ಅವರ ಜೊತೆ ತಾಲ್ಲೂಕು ಆಫೀಸಿಗೆ ಹೋಗಿದ್ದೇನೆ. ಇದೂ ಕೌನ್ಸೆಲರ್ ಕೆಲಸವಾ ಅಂತ ಕೇಳಿದವರಿದ್ದಾರೆ, ನನ್ನ ಮಟ್ಟಿಗೆ ಹೌದು.

ನಾನೇ ಮಾಡಿದ ತಪ್ಪೊಂದು ಹೇಳುತ್ತೇನೆ. ಶುರುವಿನಲ್ಲಿ, ಪೆಟ್ಟು ತಿಂದು ಬಂದ ಹುಡುಗಿಗೆ 'ನಮ್ಮ ಕಡೆ ಹಿರಿಯರನ್ನು ಕೂರಿಸಿ ಮಾತಾಡುವುದು ಪದ್ಧತಿ, ತಂಗೀ' ಅಂದೆ. ಹಿರಿಯರು ಹೊಂದಿಕೊಂಡು ಹೋಗು ಅಂದರು. ಎರಡು ತಿಂಗಳಿಗೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಈಗ ಪೆಟ್ಟಿನ ಮಾತು ಬಂದ ದಿನವೇ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅದರ ರಕ್ಷಣಾಧಿಕಾರಿ ಅನ್ನುವುದು, ಎರಡನ್ನೂ ಹೇಳಿಬಿಡುತ್ತೇನೆ. ಪಂಚಾಯ್ತಿಕೆ ಆಮೇಲೆ, ಅವಳಿಗೆ ಬೇಕಿದ್ದರೆ.

ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಕೆಲವು ಊರಲ್ಲಿ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು, ಮಳೆಗಾಲದಲ್ಲಿ ಅದೂ ಕಷ್ಟ.

ನೀವು ಬರುವುದಾದರೆ ಮಾರ್ಚ್ ಹೊತ್ತಿಗೆ ಬನ್ನಿ. ಅದಕ್ಕೆ ಮುಂಚೆ ಅಡಿಕೆ ಕೊಯ್ಲು, ಆಗ ಯಾರಿಗೂ ಮಾತಾಡಲು ಪುರುಸೊತ್ತು ಇರುವುದಿಲ್ಲ.